ವಲ್ಲಿಯ ಕೆಳಗಿನ ವ್ಯಾಪಾರ

ನನ್ನ ಮಾವ ದ್ಯಾಮಣ್ಣನವರು ಅಮರಗೋಳದ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಎತ್ತಿನ ದಲ್ಲಾಳಿಯಾಗಿದ್ದವರು. ಎತ್ತಿನ ತುಟಿ ಸರಿಸಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದ್ದೋ ಎಂದು ಅದರ ವಯಸ್ಸು ಹೇಳಿಬಿಡುತ್ತಿದ್ದರು. ಅಂಥವರು ಸ್ವಂತ ಮೊಮ್ಮಗಳ ಹಲ್ಲಿನ ವಿಷಯದಲ್ಲಿ ಹನ್ನೆರಡು ವರ್ಷ ತುಟಿಪಿಟಕ್ಕೆನ್ನದೆ ಕೂತಿದ್ದರು. ಯಾಕೆಂದರೆ ಆ ಹಲ್ಲು ಅವರದೇ.

ನನ್ನ ಮಗಳು ಆರತಿಯ ಮೇಲಿನ ಎರಡು ಮುಂಬಲ್ಲುಗಳು ತುಟಿಯ ಹೊಸ್ತಿಲು ದಾಟಿ ಹೊರಗೆ ಬಂದು ನಿಂತಿವೆ. ಮಾವನವರವೂ ಹಾಗೆಯೇ. ಜೊತೆಗೆ ಅವರದೊಂದು ಹಲ್ಲು ಅರ್ಧ ಮುರಿದಿದೆ. ಹರೆಯದಲ್ಲಿ ಕಿಲಾರಿ ತಳಿಯ ಹೋರಿಯೊಂದು ತಲೆ ಬೀಸಿದ ಗುರುತು ಅದು. ಮಾವನವರು ನಗೆಗಾರರು, ದಿನಕ್ಕೆ ಹತ್ತು ಸಲವಾದರೂ ನಗುತ್ತಾರೆ. ಆದರೆ ನಗು ಬಂತೆಂದರೆ ಹೆಗಲ ಮೇಲಿನ ವಲ್ಲಿ ಬಾಯಿಗೆ ಬರುತ್ತದೆ. ನಮ್ಮ ಕಡೆ ಹೆಗಲಿಗೆ ಹಾಕುವ ಟವೆಲ್ಲಿಗೆ ವಲ್ಲಿ ಎನ್ನುತ್ತೇವೆ. ಆ ವಲ್ಲಿಯ ಹಿಂದೆ ಅವರ ಹೊಟ್ಟೆ ಕುಣಿಯುವುದನ್ನು ನೋಡಿ ಅವರು ನಕ್ಕರೆಂದು ನಾವು ತಿಳಿದುಕೊಳ್ಳಬೇಕು.

ನಾನು ದಾಕ್ಷಾಯಿಣಿ, ಈ ಮನೆಯ ಸೊಸೆ. ನವನಗರದ ಒಂದು ಸಣ್ಣ ಶಾಲೆಯಲ್ಲಿ ಕಲಿಸುತ್ತೇನೆ, ಹಾಗಾಗಿ ಕಂಡವರನ್ನೆಲ್ಲ ತಿದ್ದುವ ಚಟ ನನಗಿದೆ. ಈವರೆಗೆ ತಿದ್ದುಪಡಿಗೆ ಸಿಗದವರು ಮಾವನವರೊಬ್ಬರೇ. ನನ್ನ ಸಂಬಳ, ನನ್ನ ಗಂಡ ಬಸವಪ್ರಭು ಪಂಪ್‌ಸೆಟ್ ಅಂಗಡಿಯಲ್ಲಿ ದುಡಿದದ್ದು ಎರಡೂ ಸೇರಿ ಮನೆ ನಡೆಯುತ್ತದೆ. ಅದಕ್ಕಿಂತ ದೊಡ್ಡ ಖರ್ಚು ಬಂದರೆ ಮಾವನವರ ಟ್ರಂಕೇ ತೆರೆಯಬೇಕು. ಆ ಟ್ರಂಕಿಗೆ ಬೀಗ ಇಲ್ಲ, ಆದರೆ ಮಾವನವರಿದ್ದಾರೆ.

ಟ್ರಂಕು ತೆರೆಯುವಂತೆ ಮಾಡಿದ್ದು ಒಂದು ಫೋಟೋ. ಏಳನೆಯ ತರಗತಿಯ ಗ್ರೂಪ್ ಫೋಟೋ ಮನೆಗೆ ಬಂತು. ಎಲ್ಲ ಮಕ್ಕಳೂ ಹಲ್ಲು ಕಿಸಿದು ನಿಂತಿದ್ದರೆ ಆರತಿ ಮಾತ್ರ ಹಿಂದಿನ ಸಾಲಿನಲ್ಲಿ, ಸಮವಸ್ತ್ರದ ವೇಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು ಫೋಟೋ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ತುಂಬ ಹೊತ್ತು ನೋಡಿದರು.

"ಹಲ್ಲು ನಂದು ಬಂತು, ಅದು ದೇವರ ಕೈಯಾಗಿನ ಮಾತು," ಎಂದರು. "ನನ್ನ ವಲ್ಲೀನೂ ಈ ಕೂಸಿಗೆ ಯಾಕ ಬರಬೇಕ? ದಾಕ್ಷಾಯಿಣಿ, ಛಲೋ ಡಾಕ್ಟರನ್ನ ನೋಡು. ರೊಕ್ಕ ನಂದು."

ಆರತಿ ಅಂದು ರಾತ್ರಿ ಊಟ ಮಾಡುವಾಗ ಮೂರು ಸಲ ಕೇಳಿದಳು, "ಅಜ್ಜ ಖರೇನ ಹೇಳ್ಯಾನಲ್ಲ?" ಅವಳಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಆಗ ಗೊತ್ತಾಯಿತು. ತಾಯಿಯಾಗಿ ಅಷ್ಟು ದಿನ ಗೊತ್ತಾಗದೆ ಇದ್ದದ್ದಕ್ಕೆ ನಾಚಿಕೆಯೂ ಆಯಿತು.

ವಿದ್ಯಾನಗರದಲ್ಲಿ ಹಲ್ಲಿಗೆ ಕ್ಲಿಪ್ ಹಾಕುವುದರಲ್ಲೇ ಪಳಗಿದ ಡಾಕ್ಟರ್ ಅರಫಾತ ಎಂಬವರಿದ್ದರು. ಮೊದಲು ಆರತಿಯನ್ನು ಕರೆದುಕೊಂಡು ನಾನೊಬ್ಬಳೇ ಹೋದೆ. ಮೂವತ್ತೆರಡು ಮೂವತ್ತಮೂರರ ಹುಡುಗ, ಸಣ್ಣ ದನಿ. ಬಾಯಿಯ ಫೋಟೋ ತೆಗೆದರು, ಎಕ್ಸ್‌ರೇ ತೆಗೆದರು. ಈಗ ಮಾಡಿದರೆ ಎರಡು ವರ್ಷದಲ್ಲಿ ಸಾಲಿಗೆ ಬರುತ್ತವೆ, ತಡ ಮಾಡಿದಷ್ಟೂ ಕಷ್ಟ ಎಂದರು. ಎಲ್ಲ ಸೇರಿ ಮೂವತ್ತಾರು ಸಾವಿರ ಎಂದರು. ನಾಲ್ಕು ಕಡೆ ವಿಚಾರಿಸಿದ್ದ ನನಗೆ ಅದು ನ್ಯಾಯದ ದರ ಎಂದು ಗೊತ್ತಿತ್ತು.

ಆದರೆ ಮಾವನವರ ಸ್ವಭಾವವೂ ನನಗೆ ಗೊತ್ತಿತ್ತು. ಹೇಳಿದ ದರಕ್ಕೆ ಅವರು ಬೆಂಕಿಪೊಟ್ಟಣವನ್ನೂ ಕೊಂಡವರಲ್ಲ. ಚಿಗರಿ ಎಂಬ ನಮ್ಮ ಸಿಟಿ ಬಸ್ಸಿನ ಟಿಕೆಟ್ ಕೌಂಟರಿನಲ್ಲೂ ಒಮ್ಮೆ, "ಅಮರಗೋಳದ ತನಕ ಅಲ್ಲ, ಅದಕ್ಕಿಂತ ಈಚೀಕ ಇಳೀತೇನಿ, ನೋಡಿ ಹೇಳ್ರಿ," ಎಂದವರು. ಆದ್ದರಿಂದ ನಾನು ಡಾಕ್ಟರಿಗೆ ಒಂದು ಉಪಾಯ ಹೇಳಿದೆ.

"ನಮ್ಮ ಮಾವಾರು ಬಂದಾಗ ನಲವತ್ತೈದು ಅನ್ರಿ. ಅವರು ಜಗ್ಗತಾರ. ನೀವು ಒಂದೀಟ ಒಣಾ ಮುಖ ಮಾಡಿ ಮೂವತ್ತಾರಕ್ಕ ಇಳೀರಿ. ಅವರಿಗೂ ಗೆದ್ದಂಗಾತು, ನಿಮಗೂ ನಷ್ಟ ಇಲ್ಲ."

"ನನಗ ನಾಟಕ ಬರೂದಿಲ್ರಿ ಅಕ್ಕಾರ," ಎಂದು ಡಾಕ್ಟರು ಬೆವರಿದರು.

"ಎರಡ ಮಾತಿನ ನಾಟಕರಿ. ನಮ್ಮ ಸಾಲ್ಯಾಗ ಮೂರನೇತ್ತಾ ಮಕ್ಕಳು ಮಾಡ್ತಾವ."

ಆಯ್ತೆಂದು ತಲೆಯಾಡಿಸಿದರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮನೆಗೆ ಬಂದೆ. ಇದೆಲ್ಲ ಕೇಳಿಸಿಕೊಂಡಿದ್ದ ಆರತಿ ದಾರಿಯುದ್ದಕ್ಕೂ ನನ್ನ ಮುಖವನ್ನು ಅನುಮಾನದಿಂದ ನೋಡಿದಳು.

ಮುಂದಿನ ಶನಿವಾರ ಮೂವರೂ ಹೋದೆವು. ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹೊಸ ವಲ್ಲಿ ಹಾಕಿಕೊಂಡಿದ್ದರು. ಮೊಮ್ಮಗಳನ್ನು ಕುರ್ಚಿಯಲ್ಲಿ ಮಲಗಿಸಿ ಡಾಕ್ಟರು ದೀಪ ಹಾಕಿದ ಕೂಡಲೇ ಮಾವನವರೂ ಇನ್ನೊಂದು ಬದಿಯಿಂದ ಬಗ್ಗಿ ಬಾಯೊಳಗೆ ನೋಡತೊಡಗಿದರು.

"ಕೋರೆಹಲ್ಲು ಇನ್ನೂ ಪೂರಾ ಇಳದಿಲ್ಲ," ಎಂದರು.

"ಹೌದ್ರಿ ಅಜ್ಜಾರ, ಬರೋಬ್ಬರಿ ಹೇಳಿದ್ರಿ," ಎಂದು ಡಾಕ್ಟರು ಬೆರಗಾದರು. ಮಾವನವರು ನನ್ನ ಕಡೆ ಒಂದು ನೋಟ ಬೀರಿದರು. ಇವನಿಗೆ ಕಸುಬು ಗೊತ್ತಿದೆ ಎಂಬ ಅರ್ಥ ಅದರಲ್ಲಿತ್ತು. ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಮೇಜಿನ ಎದುರು ಕೂತೆವು. ಮಾವನವರು ವಲ್ಲಿ ಹೆಗಲಿನಿಂದ ತೆಗೆದು, ಕೊಡವಿ, ಡಾಕ್ಟರ ಬಲಗೈ ಹಿಡಿದೆಳೆದು ಅದರ ಮೇಲೆ ಹೊದಿಸಿದರು. ದನದ ವ್ಯಾಪಾರದಲ್ಲಿ ದರ ಬಾಯಿಂದ ಹೇಳುವುದಿಲ್ಲ. ವಲ್ಲಿಯ ಕೆಳಗೆ ಇಬ್ಬರ ಕೈಗಳು ಸೇರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಅಂಗೈ ಹಿಡಿದರೆ ಐದು. ಸುತ್ತ ನೂರು ಜನ ನಿಂತಿದ್ದರೂ ದರ ಆ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಡಾಕ್ಟರಿಗೆ ಇದೇನು ಗೊತ್ತು? ಅಜ್ಜ ನಾಡಿ ತೋರಿಸುತ್ತಿದ್ದಾರೆಂದು ಭಾವಿಸಿ, "ಬಿಪಿ ಐತೇನ್ರಿ ಅಜ್ಜಾರ?" ಎಂದು ಕೇಳಿದರು.

"ಮೊದಲ ಆ ರಬ್ಬರ್ ಚೀಲ ತಗೀರಿ," ಎಂದು ಮಾವನವರು ಅವರ ಕೈಗವಸು ತೋರಿಸಿದರು. "ಚೀಲಾ ಹಾಕ್ಕೊಂಡ ಕೈಲೆ ವ್ಯಾಪಾರ ಆಗಂಗಿಲ್ರಿ. ಬೆರಳ ಹಿಡದು ಹೇಳ್ರಿ, ಎಷ್ಟು?"

ನಾನು ಮಾವನವರ ಹಿಂದಿನಿಂದ ಡಾಕ್ಟರಿಗೆ ಕಣ್ಣಿನಲ್ಲೇ ನಲವತ್ತೈದು ಎಂದೆ. ನಾಲ್ಕು ಬೆರಳನ್ನೂ ತೋರಿಸಿದೆ. ಆ ಪುಣ್ಯಾತ್ಮ ಕೆಂಪಗಾದರು, ನನ್ನನ್ನು ನೋಡಿದರು, ಮಾವನವರ ಹಣೆಯ ವಿಭೂತಿ ನೋಡಿದರು, ಆಮೇಲೆ ಒಂದೇ ಉಸಿರಿಗೆ ಬಾಯಿಬಿಟ್ಟರು.

"ಮೂವತ್ತಾರು ಸಾವಿರ ಅಜ್ಜಾರ. ಎಲ್ಲಾ ಸೇರಿ."

ಮುಗಿಯಿತು. ದರ ಬಯಲಿಗೆ ಬಿದ್ದ ಮೇಲೆ ವಲ್ಲಿಗೆ ಕೆಲಸವಿಲ್ಲ. ದಲ್ಲಾಳಿಯ ಲೆಕ್ಕದಲ್ಲಿ ಮೊದಲ ದರ ಎಂದರೆ ಅರ್ಧ ಸುಳ್ಳು. ಮಾವನವರು ಕಣ್ಣು ಮುಚ್ಚಿ ಒಂದು ಕ್ಷಣ ಧ್ಯಾನ ಮಾಡಿ, "ಹದಿನೆಂಟು," ಎಂದರು.

"ಅಷ್ಟಕ್ಕ ಸಾಮಾನನೂ ಬರೂದಿಲ್ರಿ."

"ಎರಡ ಹಲ್ಲು ಸೊಟ್ಟ ಅದಾವ. ಮೂವತ್ತೆರಡಕ್ಕೂ ರೊಕ್ಕಾ ಕೇಳಿದ್ರ ಹ್ಯಾಂಗ್ರಿ?"

ಡಾಕ್ಟರು ತಾಳ್ಮೆಯಿಂದ ಎಲ್ಲ ಹಲ್ಲಿಗೂ ಕ್ಲಿಪ್ ಹಾಕಲೇಬೇಕೆಂದು ವಿವರಿಸಿದರು. ಕ್ಲಿಪ್ ಹಾಕಿದ ಮೇಲೆ ಕಡಕ್ ರೊಟ್ಟಿ, ಕಬ್ಬು, ಶೇಂಗಾ ಚಿಕ್ಕಿ ತಿನ್ನಬಾರದೆಂದೂ ಹೇಳಿಬಿಟ್ಟರು. ಅದನ್ನು ಯಾಕೆ ಹೇಳಲು ಹೋದರೋ.

"ಎರಡ ವರ್ಷ ರೊಟ್ಟಿ ಇಲ್ಲ ಅಂತೀರಿ," ಮಾವನವರು ಮುಂದಕ್ಕೆ ಬಾಗಿದರು. "ಜ್ವಾಳ ಮನ್ಯಾಗ ಐತಿ, ಬಿಟ್ಟು ಈಕಿಗೆ ಮೆತ್ತನ ಚಪಾತಿ ಮಾಡಬೇಕು. ಆ ಗೋಧಿ ರೊಕ್ಕಾ ಹಿಡೀರಿ. ಹತ್ತೊಂಬತ್ತು. ಇನ್ನ ಮ್ಯಾಲ ಮಾತಿಲ್ಲ."

"ನನ್ನ ಕಡೆ ಒಂದ ದರ ಅಜ್ಜಾರ. ನಿಮಗೂ ಅದ, ನಮ್ಮವ್ವನ ಅಕ್ಕನ ಮಗಳು ಬುಶ್ರಾಗೂ ಅದ. ಬೇಕಾದ್ರ ಕಂತಿನ್ಯಾಗ ಕೊಡ್ರಿ."

ಸಾಲವೆಂದೇ ಕೇಳಿಸಿದ ಕಂತು ಎಂಬ ಶಬ್ದಕ್ಕೆ ಮಾವನವರು ಎದ್ದು ನಿಂತರು. "ನಡೀರಿ," ಎಂದರು ನಮಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರತಿ ಕುರ್ಚಿಯಿಂದ ಏಳುವಾಗ ಅವಳ ಕಣ್ಣು ತುಂಬಿದ್ದು ನೋಡಿ ನನಗೆ ಮೂವರ ಮೇಲೂ ಸಿಟ್ಟು ಬಂತು: ಸುಳ್ಳು ಹೇಳಲು ಬಾರದ ಡಾಕ್ಟರ ಮೇಲೆ, ನಿಜ ನಂಬಲು ಬಾರದ ಮಾವನವರ ಮೇಲೆ, ಇಬ್ಬರ ನಡುವೆ ಜಾಣತನ ತೋರಿಸಲು ಹೋದ ನನ್ನ ಮೇಲೆ.

ಮೆಟ್ಟಿಲಿಳಿದು ಕೆಳಗಿನ ಚಹಾದಂಗಡಿಯ ಬೆಂಚಿನಲ್ಲಿ ಕೂತೆವು. ಮಾವನವರು ನಿಶ್ಚಿಂತೆಯಿಂದ ಚಹಾ ಹೇಳಿದರು. ಅವರ ಕಸುಬಿನಲ್ಲಿ ಎದ್ದು ಹೋಗುವುದೂ ವ್ಯಾಪಾರದ ಒಂದು ಮೆಟ್ಟಿಲೇ. ಸಂತೆಯಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ, "ದ್ಯಾಮಣ್ಣಾರ, ಬರ್ರಿಲ್ಲೆ" ಎಂದು ಕೂಗು ಬರುತ್ತಿತ್ತಂತೆ.

"ಊರಿಗೆ ಬಂದಾಕಿ ನೀರಿಗೆ ಬರಂಗಿಲ್ಲೇನು? ಈಗ ಕರೀತಾನ ನೋಡು," ಎಂದರು.

ಒಂದು ಚಹಾ ಮುಗಿಯಿತು. ಯಾರೂ ಕರೆಯಲಿಲ್ಲ. ಮೇಲಿನ ಕಿಟಕಿಯಲ್ಲಿ ಡಾಕ್ಟರು ಬೇರೆ ಯಾರದೋ ಬಾಯಿಗೆ ದೀಪ ಹಿಡಿದದ್ದು ಕಾಣುತ್ತಿತ್ತು. ನಾನು ತಡೆಯಲಾರದೆ ಎಲ್ಲ ಒಪ್ಪಿಕೊಂಡೆ. ನಾನೇ ನಲವತ್ತೈದು ಹೇಳಲು ಹೇಳಿದ್ದೆ, ಆತ ನಿಜವಾದ ದರವನ್ನೇ ಹೇಳಿದ್ದಾನೆ, ಅದಕ್ಕಿಂತ ಇಳಿಯುವುದಿಲ್ಲ ಎಂದೆ.

"ಮೊದಲನೇ ಮಾತಿಗೆ ಖರೇ ಹೇಳೋ ಮನಷ್ಯಾ ಇನ್ನೂ ಹುಟ್ಟಿಲ್ಲವ್ವಾ," ಎಂದರು ಮಾವನವರು. ಆದರೆ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಎರಡನೆಯ ಚಹಾ ಬಂತು. ಈಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮುರಿದ ವ್ಯಾಪಾರಕ್ಕೆ ತಾವಾಗಿ ಹಿಂದಿರುಗಿ ಹೋದ ಚರಿತ್ರೆ ಈ ಮನುಷ್ಯನಿಗಿಲ್ಲ. ಅವರು ಹೋಗದಿದ್ದರೆ ಟ್ರಂಕು ತೆರೆಯುವುದಿಲ್ಲ, ಟ್ರಂಕು ತೆರೆಯದಿದ್ದರೆ ನನ್ನ ಮಗಳು ಹೈಸ್ಕೂಲಿಗೂ ವೇಲು ಕಚ್ಚಿಕೊಂಡೇ ಹೋಗುತ್ತಾಳೆ. ಮಾವನವರಿಗೂ ಅದೇ ಕೊರೆಯುತ್ತಿತ್ತು, ಕಾಣುತ್ತಿತ್ತು. ಚಹಾ ಆರಿ ಕೆನೆಗಟ್ಟಿದ್ದರೂ ಕುಡಿಯದೆ ಹಿಡಿದು ಕೂತಿದ್ದರು.

ಆಗ ಆರತಿ ಮೂಗು ಒರೆಸಿಕೊಂಡು, "ಅಜ್ಜಾ, ನಿನ್ನ ವಲ್ಲಿ ಮ್ಯಾಲ ಉಳೀತು," ಎಂದಳು.

ನಾನು ನೋಡಿದೆ. ಹೆಗಲು ಖಾಲಿಯಿತ್ತು. ಈ ಮನುಷ್ಯ ಎಲ್ಲೆಲ್ಲಿ ವಲ್ಲಿ ಮರೆತು ಬಂದಿಲ್ಲ? ಸೀರೆ ಅಂಗಡಿಯಲ್ಲಿ, ಬಂಗಾರದಂಗಡಿಯಲ್ಲಿ, ನಮ್ಮ ಮದುವೆಯ ಮಾತುಕತೆಯ ದಿನ ನನ್ನ ತವರಿನಲ್ಲೂ ಮರೆತು, ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ವಯಸ್ಸಿನ ಮರೆವು ಎಂದುಕೊಂಡಿದ್ದೆ ನಾನು.

"ಹೌದೇನು? ಮರತೆ ನೋಡು," ಎಂದು ಮಾವನವರು ಆಕಾಶ ನೋಡಿದರು.

"ನೀನ ಹೇಳಿದ್ಯಲ್ಲ, ವ್ಯಾಪಾರ ಮುರಕೊಂಡು ಏಳೂಮುಂದ ವಲ್ಲಿ ಬಿಟ್ಟು ಏಳಬೇಕು, ಅಂದ್ರ ತಿರುಗಿ ಹೋಗಾಕ ನೆವ ಇರ್ತೇತಿ ಅಂತ. ಹೋಗು ಮತ್ತ."

"ನಾ ಹ್ವಾದ್ರ ಸೋತಂಗ ಕಾಣತೇತಿ. ಇನ್ನೊಬ್ಬರು ಹೋಗಬೇಕು."

"ನಾ ಹೋಗ್ಲಾ?"

ಮಾವನವರು ಅವಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಹೋಗು. ಇವತ್ತ ದಲ್ಲಾಳಿ ನೀನ. ನಿನ್ನ ಮಾತು ನನ್ನ ಮಾತು. ಹೆಚ್ಚು ಕಡಿಮಿ ಆದ್ರೂ ನಾ ತಿರುಗಿ ಕೇಳಂಗಿಲ್ಲ."

ದಲ್ಲಾಳಿಗಳಲ್ಲಿ ಆ ಮಾತು ಆಣೆಗಿಂತ ದೊಡ್ಡದು. ನಾನೂ ಅವಳ ಹಿಂದೆ ಮೆಟ್ಟಿಲೇರಿದೆ. ನನಗೆ ಮಾತಾಡಲು ಅಪ್ಪಣೆಯಿಲ್ಲವೆಂದು ಆರತಿ ಮೆಟ್ಟಿಲಲ್ಲೇ ಹೇಳಿದಳು. ನನ್ನ ಜಾಣತನದ ಮೇಲೆ ಅವಳಿಗೆ ಇದ್ದ ವಿಶ್ವಾಸ ಅಷ್ಟು. ನಾನು ಗಾಜಿನ ಬಾಗಿಲ ಬಳಿಯೇ ನಿಂತೆ.

ವಲ್ಲಿ ಕುರ್ಚಿಯ ಬೆನ್ನ ಮೇಲೆ ನೀಟಾಗಿ ಮಡಿಸಿ ಇಟ್ಟಿತ್ತು. ಡಾಕ್ಟರೇ ಮಡಿಸಿಟ್ಟಿರಬೇಕು. ಆರತಿ ಅದನ್ನು ತೆಗೆದುಕೊಂಡು, ತಿರುಗುವ ಬದಲು, ಮೇಜಿನ ಎದುರು ಕೂತಳು.

"ಡಾಕ್ಟರ್ರ, ಕೈ ಕೊಡ್ರಿ. ಚೀಲ ತಗದು."

ಡಾಕ್ಟರು ನಗು ತಡೆದುಕೊಂಡು ಕೈಗವಸು ಕಳಚಿದರು. ಆರತಿ ವಲ್ಲಿ ಹೊದಿಸಿ, ಪಾಠ ಹೇಳಿಕೊಡುವವಳ ಹಾಗೆ ಬೆರಳಿನ ಲೆಕ್ಕ ಹೇಳಿಕೊಟ್ಟಳು. ಆಮೇಲೆ ವ್ಯಾಪಾರ ಬೆರಳಿಗಿಳಿಯಿತು. ವಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉಬ್ಬಿತು, ತಗ್ಗಿತು. ಡಾಕ್ಟರ ಹುಬ್ಬು ಮೇಲೆ ಹೋಯಿತು. ಅವರು ತಲೆಯಾಡಿಸಿದರು. ಆರತಿ ಮುಂದೆ ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಡಾಕ್ಟರು ಒಂದು ಕ್ಷಣ ಅವಳ ಮುಖವನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ಅವಳ ಕೈ ಹಿಡಿದು, "ಆತು," ಎಂದರು.

ದಲ್ಲಾಳಿಯ ಮೊಮ್ಮಗಳು ದರ ಅಮ್ಮನಿಗೆ ಹೇಳುತ್ತಾಳೆಯೇ? ಮೆಟ್ಟಿಲಿಳಿಯುವಾಗ ಬೇಡಿಕೊಂಡರೂ ಹೇಳಲಿಲ್ಲ.

ಕೆಳಗೆ ಬಂದು ಅಜ್ಜನ ಕೈ ಮೇಲೆ ವಲ್ಲಿ ಹೊದಿಸಿದಳು. ಮಾವನವರು ಕಣ್ಣು ಮುಚ್ಚಿದರು. ಮೊದಲು ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಗಲ್ಲ ಇಳಿದುಬಿತ್ತು.

"ಮೂರು. ಮ್ಯಾಲ ಐದರ ಮ್ಯಾಲೊಂದು," ಎಂದರು ಬಾಯಿಬಿಟ್ಟು. ವಲ್ಲಿಯ ಕೆಳಗಿನ ದರವನ್ನು ಅವರು ಜೋರಾಗಿ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ಮೂವತ್ತಾರ? ಎಲ್ಲಿ ಬಿಟ್ಟಿದ್ವಿ ಅಲ್ಲೇ ಬಂತಲ್ಲ ಯವ್ವಾ. ಒಂದ ರೂಪಾಯಿನೂ ಇಳೀಲಿಲ್ಲ."

"ಅವರ ದರ ಖರೇ ಐತಿ ಅಜ್ಜಾ. ಖರೇ ದರ ಜಗ್ಗಬಾರದು."

ಮಾವನವರು ಮಾತು ಕೊಟ್ಟಾಗಿತ್ತು. "ಆತು. ದಲ್ಲಾಳಿ ಮಾತು ಅಂದ್ರ ಮಾತು," ಎಂದು ಒಳಜೇಬಿಗೆ ಕೈ ಹಾಕಿ, ನೋಟಿನ ಕಟ್ಟು ಮುಟ್ಟಿ ನೋಡಿಕೊಂಡು ಎದ್ದರು. ಪೂರ್ತಿ ದುಡ್ಡು ಜೇಬಿನಲ್ಲಿಟ್ಟುಕೊಂಡೇ ಹದಿನೆಂಟು ಎಂದಿದ್ದರು ನೋಡಿ. ಎರಡು ಹೆಜ್ಜೆ ಹೋಗಿ, ಹಳೆಯ ರೂಢಿಗೆ ನಿಂತರು. ಎತ್ತು ಕೊಂಡರೆ ಗೆಜ್ಜೆಸರವನ್ನು, ಆಕಳು ಕೊಂಡರೆ ಹಗ್ಗವನ್ನು ಕೊಸರಿಗೆ ಕೇಳಿ ಪಡೆಯದೆ ಅವರು ಯಾವ ವ್ಯಾಪಾರವನ್ನೂ ಮುಗಿಸಿದವರಲ್ಲ.

"ಕೊಸರಾದ್ರೂ ಏನರ ಕೇಳಿದ್ಯೊ ಇಲ್ಲೊ?"

"ಕೇಳೇನಿ," ಎಂದಳು ಆರತಿ. "ನಿನ್ನ ಮುರಕ ಹಲ್ಲು. ಪುಕ್ಕಟ ಕಟ್ಟಿ ಕೊಡ್ತಾರ. ಅರ್ಧಾ ತಾಸಿನ ಕೆಲಸ ಅಂತ. ಮೊದಲ ನಿಂದು, ಆಮ್ಯಾಲ ನಂದು."

ಮಾವನವರ ಕೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ವಲ್ಲಿ ಇರಲಿಲ್ಲ. ಆರತಿ ಅದನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಿದ್ದಳು.

"ನನಗ್ಯಾಕವ್ವಾ ಈ ವಯಸ್ಸಿನ್ಯಾಗ," ಎಂದರು ಕೊನೆಗೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡು.

"ನೀ ವಲ್ಲಿ ಹಿಡದ್ರ ನಾನೂ ಹಿಡಿತೇನಿ. ನನಗ ರೂಢಿ ಆಗೇತಿ. ಕ್ಲಿಪ್ ಹಾಕಿಸಿದ ಮ್ಯಾಲೂ ಹಿಡಿತೇನಿ. ಮೂವತ್ತಾರು ಸಾವಿರ ನೀರಾಗ ಹೋಗ್ತಾವ, ವಿಚಾರ ಮಾಡು."

ಮೂವತ್ತೆಂಟು ವರ್ಷದ ದಲ್ಲಾಳಿಯನ್ನು ಅವರದೇ ತಕ್ಕಡಿಯಲ್ಲಿ ತೂಗಿಟ್ಟಳು. ನಷ್ಟದ ಮಾತು ಬಂದ ಮೇಲೆ ಮಾವನವರಿಗೆ ಉಳಿದ ದಾರಿಯೇ ಇರಲಿಲ್ಲ. ಕಣ್ಣು ಒರೆಸಿಕೊಂಡು ಮೆಟ್ಟಿಲೇರಿದರು. ನಾನೂ ಕಣ್ಣು ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಹಲ್ಲು ಕಟ್ಟಿಸಿಕೊಳ್ಳುವಾಗ ಮಾವನವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದರು. ಆರತಿ ಇನ್ನೊಂದು ಬದಿಯಿಂದ ಬಗ್ಗಿ ಅವರ ಬಾಯೊಳಗೆ ನೋಡುತ್ತ, "ಅಜ್ಜಂದು ಬಾಯಿ ಕೂಡೇತಿ ನೋಡ್ರಿ ಡಾಕ್ಟರ್ರ," ಎಂದಳು. ಡಾಕ್ಟರಿಗೆ ನಗು ತಡೆಯಲಾಗದೆ ಯಂತ್ರ ನಿಲ್ಲಿಸಬೇಕಾಯಿತು. ಕೆಲಸ ಮುಗಿದ ಮೇಲೆ ಮಾವನವರು ಕನ್ನಡಿ ನೋಡಲಿಲ್ಲ. ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟು, "ಮೊದಲನೇ ಮಾತಿಗೆ ಖರೇ ಹೇಳೋ ಒಬ್ಬಾಂವ ಸಿಕ್ಕಾ," ಎಂದರು. ಆರತಿಗೆ ಕ್ಲಿಪ್ ಹಾಕಲು ಮುಂದಿನ ಸೋಮವಾರ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಮನೆಗೆ ಬಂದಾಗ ಅತ್ತೆ ಗೌರಕ್ಕನವರು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ಎಷ್ಟಕ್ಕ ಮುಗೀತು?" ಎಂದು ಕೇಳಿದರು. ಆರತಿ ನಡೆದದ್ದನ್ನೆಲ್ಲ ಹೇಳತೊಡಗಿದಳು. ಅಜ್ಜ ಡಾಕ್ಟರ ಕೈ ಹಿಡಿದದ್ದು, ಡಾಕ್ಟರು ಬಿಪಿ ಕೇಳಿದ್ದು ಬಂದಾಗ ಮಾವನವರ ಹೊಟ್ಟೆ ಕುಣಿಯತೊಡಗಿತು. ಕೈ ಹೆಗಲಿಗೆ ಹೋಯಿತು. ಆರತಿ ತಾನು ಹೊದ್ದಿದ್ದ ವಲ್ಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತನ್ನ ಎರಡೂ ಹಲ್ಲು ತೋರಿಸುತ್ತ ಅವರೆದುರು ನಿಂತಳು. ಮಾವನವರು ಅವಳನ್ನು ನೋಡಿದರು, ಕೈ ಕೆಳಗಿಳಿಸಿದರು, ಬಾಯಿ ತುಂಬ ನಕ್ಕರು.

ಅತ್ತೆಯವರ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಐವತ್ತೊಂದು ವರ್ಷ ಇವರು ನಗೂದು ಕೇಳಿದ್ದೆ," ಎಂದರು ನನಗೆ. "ನೋಡಿದ್ದು ಇವತ್ತ."